ಮಿಂಚುಳ್ಳಿಗೆ ಖೋ ಕೊಟ್ಟಾಕಿ

ಪುಣೆಯ ಧನಕವಡಿಯ ಬಸ್ ಸ್ಟಾಪಿನ ಎದುರಿಗೆ ಆ ವರ್ಷ ಒಂದು ದೊಡ್ಡ ಫ್ಲೆಕ್ಸ್ ಎದ್ದಿತ್ತು. ಅದರ ತುಂಬಾ ವಾರ್ಡಿನ ಪುಢಾರಿಗಳ ಮುಖಗಳು, ಒಂದೊಂದೂ ಕುಂಬಳಕಾಯಿಯಷ್ಟು. ಕೆಳಗಿನ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಜಾಗದಲ್ಲಿ ಶೀತಲ್ ಬೆಳವಡಿ ಇದ್ದಳು. ಫ್ಲೆಕ್ಸ್ ಹಾಕಿದ್ದು ಮಾತ್ರ ಅವಳ ಅಭಿನಂದನೆಗೆ.

ಅವಳ ತಾಯಿ ಭೀಮವ್ವ ಸಂತೆಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಕಾಯಿಪಲ್ಲೆಯ ಚೀಲ ಕೆಳಗಿಟ್ಟು ಅದನ್ನು ನೋಡುತ್ತಿದ್ದಳು. ಮನೆಗೆ ಬಂದು ಮಗಳಿಗೆ ಹೇಳಿದಳು: "ಎಲ್ಲಾರೂ ಕೈ ಮುಗಕೊಂಡು ನೆಟ್ಟಗ ನಿಂತಾರ. ನೀ ಒಬ್ಬಾಕಿ ಮಣ್ಣಾಗ ಬಿದ್ದಿ. ಒಂದು ಚೊಲೋ ಫೋಟೋ ಇರಲಿಲ್ಲೇನ?"

"ಯವ್ವಾ, ಅದು ಬಿದ್ದದ್ದಲ್ಲ. ಅದು ಡೈವ್."

"ನನಗೇನ್ ಗೊತ್ತು. ಬಿದ್ದಂಗ ಕಾಣಸ್ತದ."

ಆ ಡೈವಿನಿಂದಲೇ ಶೀತಲ್ ಹೆಸರು ಊರ ತುಂಬಾ ಆಗಿದ್ದು. ದಿಲ್ಲಿಯಲ್ಲಿ ನಡೆದ ಖೋಖೋ ಪಂದ್ಯಾವಳಿಯ ಫೈನಲ್‌ನಲ್ಲಿ ಅವಳು ಕಂಬ ಹಿಡಿದು, ಮೈ ಪೂರ್ತಿ ನೆಲಕ್ಕೆ ಸಮ ಮಾಡಿ, ಬೆರಳ ತುದಿಯಿಂದ ಎದುರಾಳಿಯ ಹಿಮ್ಮಡಿ ಮುಟ್ಟಿದ್ದಳು. ಅದಕ್ಕೂ ಮೊದಲು ಅವಳು ಓಡುವ ಸರದಿಯಲ್ಲಿ ಅಟ್ಟಿಸಿಕೊಂಡು ಬಂದವರನ್ನೆಲ್ಲ ತಪ್ಪಿಸಿಕೊಂಡು ಹಾವಿನ ಹಾಗೆ ಜಾರುತ್ತಿದ್ದದ್ದನ್ನು ಯಾರೋ ವಿಡಿಯೋ ತುಂಡು ಮಾಡಿ ಹಾಕಿದರು. ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಖೋಖೋ ಅಂದರೆ ಶಾಲೆಯ ಪಿ.ಟಿ. ಪಿರಿಯಡ್‌ನ ಆಟ ಅಂತ ತಿಳಿದುಕೊಂಡಿದ್ದವರು ಕೂಡ "ಯಾರ್ರೀ ಈ ಹುಡುಗಿ?" ಅಂತ ಕೇಳಿದರು.

ಹುಡುಗಿಯೇನಲ್ಲ. ಮೂವತ್ತು ತುಂಬುತ್ತಾ ಬಂದಿತ್ತು. ಅಪ್ಪ ಮುರುಗೆಪ್ಪ ಬೈಲಹೊಂಗಲದ ಕಡೆಯವನು. ಹರೆಯದಲ್ಲಿ ಪುಣೆಗೆ ಬಂದು ಕ್ಯಾಂಪ್ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿ ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಶೀತಲ್ ಕ್ರೀಡಾ ಕೋಟಾದಲ್ಲಿ ರೈಲ್ವೆ ಸೇರಿ ಪುಣೆ ಸ್ಟೇಷನ್ನಿನ ಬುಕಿಂಗ್ ಕೌಂಟರಿನಲ್ಲಿ ಕೂತಿದ್ದಳು. ವಿಡಿಯೋ ಓಡಾಡಿದ ಮೇಲೆ ಜನ ಕೌಂಟರಿನ ಕಿಂಡಿಗೆ ಮುಖ ಹಚ್ಚಿ "ತುಮ್ಹೀಚ್ ನಾ?" ಆಕೆ ನೀವೇ ತಾನೆ, ಅಂತ ಕೇಳುತ್ತಿದ್ದರು. ಅವಳು ಹೌದೆನ್ನುತ್ತಿದ್ದಳು, ನಕ್ಕು, "ಎಲ್ಲಿಗೆ ಟಿಕೆಟ್?" ಅನ್ನುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿರುತ್ತಿತ್ತಲ್ಲ.

ಇಂಥ ಒಂದು ದಿನ ಕ್ಯಾಂಪಿನಿಂದ ಫೋನ್ ಬಂತು. ಮಾತಾಡಿದ ಹೆಂಗಸು ಮೊದಲು ಮರಾಠಿಯಲ್ಲಿ ಶುರು ಮಾಡಿ, ಶೀತಲ್ ಹಿಂದಕ್ಕೆ ತಿರುಗಿ ತಾಯಿಯನ್ನು ಕನ್ನಡದಲ್ಲಿ ಗದರಿದ್ದು ಕೇಳಿಸಿದ ಕೂಡಲೇ ಕನ್ನಡಕ್ಕೆ ಹೊರಳಿದಳು. "ಅಯ್ಯ, ನೀವು ನಮ್ಮವರೇ ಏನ್ರೀ! ನಾ ಮಂಜರಿ. 'ಮಿಂಚುಳ್ಳಿ' ಕಾಮಿಕ್ಸ್ ಬರಿಯಾಕಿ. ನಿಮ್ಮನ್ನ ನಮ್ಮ ಮುಂದಿನ ಸಂಚಿಕೆಯಾಗ ಅತಿಥಿ ಪಾತ್ರ ಮಾಡ್ಬೇಕಂತೀವಿ."

ಮಿಂಚುಳ್ಳಿ ಯಾರೆಂಬುದು ಶೀತಲ್‌ಗೆ ಗೊತ್ತಿತ್ತು. ಮರಾಠಿಯಲ್ಲೂ ಕನ್ನಡದಲ್ಲೂ ಬರುವ ಆ ಚಿತ್ರಕಥೆಯ ಪುಸ್ತಕ ಸ್ಟೇಷನ್ನಿನ ಪುಸ್ತಕದ ಸ್ಟಾಲಿನಲ್ಲಿ ತೂಗುತ್ತಿತ್ತು. ಖಡಕವಾಸಲಾ ಕೆರೆಯ ಪಂಪ್‌ಹೌಸಿನಲ್ಲಿ ಕೆಲಸ ಮಾಡುವ ಒಬ್ಬಳು ಹೆಣ್ಣುಮಗಳು. ಆಪತ್ತು ಬಂದಾಗ ಬೆನ್ನಿಗೆ ನೀಲಿ ರೆಕ್ಕೆಗಳು ಮೂಡುತ್ತವೆ. ಆಕಾಶದಿಂದ ಬಾಣದ ಹಾಗೆ ಇಳಿದು ದುಷ್ಟರನ್ನು ಎತ್ತಿ ಒಗೆಯುತ್ತಾಳೆ. ಪುಣೆಯ ಮಕ್ಕಳು ಅವಳ ಚಿತ್ರವಿರುವ ಕಂಪಾಸ್ ಪೆಟ್ಟಿಗೆಗೆ ಹಟ ಹಿಡಿಯುತ್ತಿದ್ದವು. ವರ್ಷಕ್ಕೊಂದು ವಿಶೇಷ ಸಂಚಿಕೆ. ಅದರಲ್ಲಿ ಊರಿನ ಒಬ್ಬ ಹೆಸರಾದ ಮನುಷ್ಯ ತನ್ನ ಹೆಸರಿನಿಂದಲೇ, ತನ್ನ ಮುಖದಿಂದಲೇ ಬರಬೇಕು. ಹಿಂದಿನ ವರ್ಷ ಒಬ್ಬ ಗಾಯಕ ಬಂದಿದ್ದ.

ಶೀತಲ್‌ಗೆ ಒಳಗೊಳಗೇ ಹಿಗ್ಗು. ಆದರೆ ಮುಖದ ಮೇಲೆ ತೋರಿಸದೆ ರಜೆಯ ದಿನ ನೋಡಿಕೊಂಡು ಕ್ಯಾಂಪಿಗೆ ಹೋದಳು.

ಹಳೆಯ ಬೇಕರಿಯೊಂದರ ಮೇಲಿನ ಮಾಳಿಗೆಯಲ್ಲಿ ಸ್ಟುಡಿಯೋ. ಮೆಟ್ಟಿಲು ಹತ್ತುವವರೆಗೂ ಬೆಣ್ಣೆ ಬಿಸ್ಕತ್ತಿನ ವಾಸನೆ. ಮಂಜರಿ ನಲವತ್ತೈದರ ಆಸುಪಾಸಿನ, ಗುಂಗುರು ಕೂದಲಿನ ಹೆಂಗಸು. ಅವಳ ತಂದೆ ಧಾರವಾಡದಿಂದ ಬಂದವರು. ಚಿತ್ರ ಬಿಡಿಸುವ ಪ್ರಜ್ವಲ ಬೆಂಗಳೂರಿನವನು, ಪುಣೆಗೆ ಬಂದು ಎರಡು ಮೂರು ವರ್ಷವಾಗಿತ್ತು.

"ಮೇಡಂ, ನಿಮ್ಮ ಕ್ಲಿಪ್ಪನ್ನ ನಾನು ಎಷ್ಟ್ ಸಲ ನೋಡಿದೀನಿ ಅಂದ್ರೆ ನನ್ನ ಹೆಂಡ್ತಿ ಬೈಯ್ಯೋಕೆ ಶುರು ಮಾಡಿದ್ಲು," ಅಂದ ಅವನು, ಕುರ್ಚಿಯ ಮೇಲಿನ ಕಾಗದಗಳನ್ನು ಎತ್ತಿ ಅವಳಿಗೆ ಜಾಗ ಮಾಡುತ್ತ.

ಅವರು ಕಥೆಯ ಕಚ್ಚಾ ಚಿತ್ರಗಳನ್ನು ಮುಂದಿಟ್ಟರು. ದುಷ್ಟನ ಹೆಸರು ಮಬ್ಬ. ಮಂಜಿನಂಥ ಮೈಯವನು. ಅವನು ಶೀತಲ್‌ಳನ್ನು ಹೊತ್ತುಕೊಂಡು ಹೋಗಿ ಪರ್ವತಿ ಗುಡ್ಡದ ಮೇಲೆ ಕಟ್ಟಿಹಾಕುತ್ತಾನೆ. ಮಿಂಚುಳ್ಳಿ ಹಾರಿ ಬಂದು ಬಿಡಿಸುತ್ತಾಳೆ. ಕೊನೆಯ ಪುಟದಲ್ಲಿ ಶೀತಲ್ ತನ್ನ ಪದಕವನ್ನು ತೆಗೆದು ಮಿಂಚುಳ್ಳಿಯ ಕೊರಳಿಗೆ ಹಾಕುತ್ತಾಳೆ. ಚಿತ್ರದಲ್ಲಿ ಅವಳ ಕೂದಲು ಬಿಚ್ಚಿ ಹಾರುತ್ತಿತ್ತು, ಸೊಂಟ ಹಿಡಿ ಗಾತ್ರವಿತ್ತು, ತುಟಿಗೆ ಬಣ್ಣವಿತ್ತು.

ಶೀತಲ್ ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಮುಗಿಸಿ, ಮತ್ತೆ ಮೊದಲಿನಿಂದ ನೋಡಿದಳು.

"ಮಂಜರಿ ಅಕ್ಕಾ, ಒಂದ್ ಮಾತು ಕೇಳ್ಲೇನ್ರೀ? ಇದರಾಗ ನಾ ಏನ್ ಮಾಡೀನಿ?"

ಮಂಜರಿ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು.

"ಕಟ್ಟಿಸ್ಕೊಂಡೀನಿ. ಬಿಡಿಸ್ಕೊಂಡೀನಿ. ಆಮ್ಯಾಲೆ ಥ್ಯಾಂಕ್ಸ್ ಅಂದೀನಿ." ಶೀತಲ್ ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. "ಈ ಕೆಲಸ ಯಾರ ಬೇಕಾದ್ರೂ ಮಾಡ್ತಾರ್ರಿ. ನನ್ನ ಚಿಗವ್ವ ಇನ್ನೂ ಚೊಲೋ ಮಾಡ್ತಾಳ."

"ಹಂಗಲ್ಲ ಶೀತಲ್," ಅಂದಳು ಮಂಜರಿ. "ಓದೋ ಹುಡುಗ್ರಿಗೆ ಮಿಂಚುಳ್ಳಿ ಗೆಲ್ಲಬೇಕು. ಅತಿಥಿ ಭಾಳ ಮಾಡಿಬಿಟ್ರ ಅವ್ರಿಗೆ ಸೇರಂಗಿಲ್ಲ."

"ಗೆಲ್ಲಲಿ, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ನನ್ನ ಕರದ ಮ್ಯಾಲೆ ನನ್ನ ಆಟನೂ ಕರೀಬೇಕಲ್ರಿ? ಅದನ್ನ ಬಾಗಲಾ ಹೊರಗ ನಿಲ್ಲಿಸಿ ನನ್ನೊಬ್ಬಾಕಿನ್ನ ಒಳಗ ಕರದ್ರ ನಾ ಹೆಂಗ ಬರಲಿ?"

ಕೆಳಗೆ ಬೇಕರಿಯಲ್ಲಿ ಯಾರೋ ತಗಡಿನ ತಟ್ಟೆ ಬೀಳಿಸಿದ ಸದ್ದು ಬಂತು. ಪ್ರಜ್ವಲ ತಾನು ಬಿಡಿಸಿದ ಹಿಡಿ ಸೊಂಟವನ್ನು ನೋಡಿದ, ಎದುರಿಗೆ ಕೂತ ಗಟ್ಟಿ ಭುಜದ, ಎಣ್ಣೆ ಹಚ್ಚಿ ಬಿಗಿದು ಜಡೆ ಹೆಣೆದ ಹೆಂಗಸನ್ನು ನೋಡಿದ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಗ್ರೌಂಡ್ ಎಲ್ಲಿದೆ ಮೇಡಂ?" ಅಂದ.

ಮರುದಿನ ಮುಂಜಾನೆ ಇಬ್ಬರೂ ಧನಕವಡಿಯ ಮೈದಾನಕ್ಕೆ ಬಂದರು. ಶಾಲೆಯ ಹಿಂದಿನ ಕೆಂಪು ಮಣ್ಣಿನ ತುಂಡು ನೆಲ. ಎರಡು ಕಂಬ, ನಡುವೆ ಸುಣ್ಣದ ಪಟ್ಟಿ, ಪಟ್ಟಿಯ ಉದ್ದಕ್ಕೂ ಎಂಟು ಚೌಕ. ಅಭ್ಯಾಸಕ್ಕೆ ಬರುವ ಹೆಣ್ಣುಮಕ್ಕಳು ಚೌಕಗಳಲ್ಲಿ ಒಬ್ಬಳು ಈ ಕಡೆ, ಇನ್ನೊಬ್ಬಳು ಆ ಕಡೆ ಮುಖ ಮಾಡಿ ಮೊಣಕಾಲೂರಿ ಕೂತರು. ಶೀತಲ್ ವಿವರಿಸಿದಳು: ಅಟ್ಟಿಸಿಕೊಂಡು ಹೋಗುವವಳು ಒಬ್ಬಳೇ. ಅವಳು ನಡುವಿನ ಪಟ್ಟಿ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ದಣಿದಳೋ, ಓಡುವವಳು ಆ ಬದಿಗೆ ಹೋದಳೋ, ಅಲ್ಲಿಗೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ "ಖೋ" ಅನ್ನಬೇಕು. ಅನ್ನಿಸಿಕೊಂಡವಳು ಏಳಬೇಕು, ಅವಳ ಜಾಗದಲ್ಲಿ ಇವಳು ಕೂಡಬೇಕು. ಖೋ ಸಿಗದೆ ಯಾರೂ ಏಳುವ ಹಾಗಿಲ್ಲ.

ಪ್ರಜ್ವಲ ಬಿಳಿ ಬೂಟು ಹಾಕಿಕೊಂಡು ಬಂದಿದ್ದ. "ನನ್ನೂ ಸೇರಿಸ್ಕೊಳ್ಳಿ, ಮೈಗೆ ಗೊತ್ತಾಗದೆ ಕೈಗೆ ಬರಲ್ಲ," ಅಂದ. ಸೇರಿಸಿಕೊಂಡರು. ಶೀತಲ್ ಓಡುವವಳು, ಇವನು ಮುಟ್ಟಬೇಕು. ಅವನು ಕೈ ಚಾಚಿದ ಕಡೆ ಅವಳು ಇರುತ್ತಿರಲಿಲ್ಲ. ಎಡಕ್ಕೆ ಬಿದ್ದಳು ಅಂದುಕೊಂಡು ಎಡಕ್ಕೆ ಹಾರಿದರೆ ಅವಳ ಜಡೆಯ ತುದಿ ಬಲಕ್ಕೆ ಕಾಣುತ್ತಿತ್ತು. ಕೊನೆಗೆ ಕಂಬವನ್ನು ಅಪ್ಪಿಕೊಂಡು ಸರ್ರನೆ ಜಾರಿ ಕೂತ. ಹುಡುಗಿಯರು ಕಿಸಕ್ಕನೆ ನಕ್ಕರು. ಅವನೂ ಮಣ್ಣು ಉಗುಳುತ್ತ ಮನಸ್ಸಾರೆ ನಕ್ಕ.

"ಇದನ್ನ ಹೆಂಗ್ ಬಿಡ್ಸೋದು ಮೇಡಂ? ನೀವು ಇರೋ ಜಾಗದಲ್ಲಿ ನೀವು ಇರೋದೇ ಇಲ್ವಲ್ಲ!"

ಇತ್ತ ಮಂಜರಿ ಒಂದು ಚೌಕದಲ್ಲಿ ಕೂತಿದ್ದಳು. ಸೀರೆಯಲ್ಲ, ಸಲ್ವಾರ್ ಹಾಕಿಕೊಂಡು ಬಂದಿದ್ದಳು ಪುಣ್ಯಕ್ಕೆ. ಆಟ ಅವಳ ಸುತ್ತ ಗಿರಗಿರನೆ ತಿರುಗುತ್ತಿತ್ತು, ಅವಳ ಕಡೆ ಮಾತ್ರ ಯಾರೂ ಬರಲಿಲ್ಲ. ಆಟ ನಿಂತ ಮೇಲೆ ಮೊಣಕಾಲು ಉಜ್ಜಿಕೊಳ್ಳುತ್ತ ಅವಳು ಅಂದಳು: "ಓಡೋದು ಕಷ್ಟ ಅಂತ ತಿಳಕೊಂಡಿದ್ದೆ. ಹಿಂಗ ಕೂತು ಕಾಯೋದು ಅದಕ್ಕಿಂತ ಕಷ್ಟ ಅದ. ಯಾರರ ಬಂದು ಮುಟ್ಟಿದ್ರ ಸಾಕು ಅನಸ್ತದ."

ಶೀತಲ್ ಅವಳ ಪಕ್ಕ ಕೂತು ನೀರಿನ ಬಾಟಲಿ ಕೊಟ್ಟಳು. ಆಮೇಲೆ, ಯಾರಿಗೂ ಹೇಳದಿದ್ದ ಒಂದು ಮಾತನ್ನು ಅವಳು ಹೇಳಿದಳು.

ಆಗ ಅವಳು ಶಾಲೆಯ ಆರನೇ ಇಯತ್ತೆಯಲ್ಲಿದ್ದಳು. ತಂಡದ ಹುಡುಗಿಯೊಬ್ಬಳಿಗೆ ಸೀತಾಳೆ ಸಿಡುಬು ಬಂದಿತ್ತೆಂದು ಸರ್ ಇವಳನ್ನು ಕರೆದು ಕೊನೆಯ ಚೌಕದಲ್ಲಿ ಕೂರಿಸಿದರು. ಶೀತಲ್ ಮೈ ಕೈ ತುಂಬಿಕೊಂಡಿದ್ದ ಹುಡುಗಿ, ಮರಾಠಿ ಮಾತಾಡುವಾಗ ನಾಲಿಗೆ ತೊಡರುತ್ತಿತ್ತು. ಬಯಲಲ್ಲಿ ಆಡುವವರು ಕೂಗುವ ಮಾತುಗಳು ಅರ್ಥವಾಗುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತಿತ್ತು. ಇವಳಿಗೆ ಖೋ ಕೊಟ್ಟರೆ ಆಟ ಕೆಟ್ಟಿತು ಅಂತ ಉಳಿದವರ ಲೆಕ್ಕ. ಯಾರೂ ಬೈಯಲಿಲ್ಲ, ಅಣಕಿಸಲಿಲ್ಲ. ಇವಳ ಬೆನ್ನೊಂದನ್ನು ಬಿಟ್ಟು ಎಲ್ಲರ ಬೆನ್ನನ್ನೂ ಮುಟ್ಟಿದರು, ಅಷ್ಟೇ. ಮಳೆಗಾಲ ಮುಗಿದು ಚಳಿ ಶುರುವಾದರೂ ಅವಳು ದಿನಾ ಬಂದು ಕೂತಳು, ಮೊಣಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಮನೆಗೆ ಹೋದಳು. ಭೀಮವ್ವ ಮಣ್ಣು ನೋಡಿ, "ಭಾಳ ಆಡೀಯಲ್ಲ ಇವತ್ತ!" ಅಂತ ಬಿಸಿನೀರು ಕಾಯಿಸುತ್ತಿದ್ದಳು. ಇವಳು ಹೂಂ ಅನ್ನುತ್ತಿದ್ದಳು.

"ಬಿಟ್ಟು ಬಿಡಬೇಕಿತ್ತಲ್ಲ?" ಅಂದ ಪ್ರಜ್ವಲ.

"ಯಾಕ ಬಿಡ್ಲಿಲ್ಲ ನನಗೂ ಗೊತ್ತಿಲ್ರಿ. ಇವತ್ತ ಕೊಡ್ತಾರ, ಇವತ್ತ ಕೊಡ್ತಾರ ಅಂತ ಕೂಡತಿದ್ದೆ. ಕೂತಲ್ಲೇ ಎಲ್ಲಾರ ಕಾಲು ನೋಡ್ತಿದ್ದೆ. ಯಾರು ಯಾವ ಕಡೆ ಹೊರಳತಾರ ಅಂತ ಅವ್ರ ಹಿಮ್ಮಡಿ ಮೊದ್ಲ ಹೇಳ್ತದ. ಅದನ್ನ ಕೂತು ಕೂತ ಕಲ್ತೆ."

ಆಮೇಲೆ ಶಾಲೆ ಶಾಲೆಗಳ ನಡುವಿನ ಪಂದ್ಯ ಬಂತು. ತಂಡದ ಚುರುಕಿನ ಹುಡುಗಿ ನೀಲಿಮಾ, ಸೋಲಾಪುರದ ಕಡೆಯ ಕನ್ನಡದವಳು, ಅಟ್ಟಿಸಿಕೊಂಡು ಕಂಬದ ತನಕ ಬಂದಳು. ಉಸಿರು ಕಟ್ಟಿತ್ತು. ಓಡುವವಳು ಆ ಬದಿಗೆ ಜಿಗಿದಳು. ಹತ್ತಿರ ಇದ್ದದ್ದು ಶೀತಲ್ ಒಬ್ಬಳೇ. ಬೆನ್ನಿನ ಮೇಲೆ ಟಪ್ ಅಂತ ಕೈ ಬಿತ್ತು. "ಖೋ!"

"ಎದ್ದೆ. ಏನ್ ಮಾಡಿದೆ ನೆನಪಿಲ್ಲ. ಆಕಿನ್ನ ಮುಟ್ಟಾಕ ಆಗ್ಲಿಲ್ಲ ನನಗ. ಆದ್ರ ಆಕಿ ನನ್ನ ತಪ್ಪಿಸ್ಕೊಳ್ಳಾಕ ಹೋಗಿ ಗೆರಿ ದಾಟಿ ಹೊರಗ ಹೋದ್ಲು. ಔಟ್! ಅಂದಿನಿಂದ ನನ್ನ ಬೆನ್ನು ಎಲ್ಲಾರಿಗೂ ಕಾಣಾಕ ಹತ್ತಿತು ನೋಡ್ರಿ."

ಮಂಜರಿ ನೀರು ಕುಡಿಯುವುದನ್ನು ಮರೆತು ಬಾಟಲಿ ಹಿಡಿದುಕೊಂಡೇ ಕೂತಿದ್ದಳು. ಅವಳು ಕಥೆ ಬರೆಯುವವಳು. ಬರೆದದ್ದನ್ನು ಹರಿದು ಹಾಕುವ ಧೈರ್ಯವೂ ಅವಳಿಗಿತ್ತು.

"ಪ್ರಜ್ವಲ," ಅಂದಳು, "ನಮ್ಮ ಮಿಂಚುಳ್ಳಿನ್ನ ಇಲ್ಲಿ ಕೂಡ್ಸೋಣು."

"ಎಲ್ಲಿ?"

"ಈ ಚೌಕದಾಗ. ರೆಕ್ಕಿ ಮಡಚಿ, ಮೊಣಕಾಲು ಊರಿ."

ಅಲ್ಲೇ, ಆ ಕೆಂಪು ಮಣ್ಣಿನಲ್ಲೇ ಹೊಸ ಕಥೆ ಹುಟ್ಟಿತು. ಮಬ್ಬ ಎಂಥವನೆಂದರೆ, ತನ್ನನ್ನು ಅಟ್ಟಿಸಿಕೊಂಡು ಬಂದವರ ಶಕ್ತಿಯನ್ನು ಅವನು ಹೀರುತ್ತಾನೆ. ಹೆಚ್ಚು ಹೊತ್ತು ಬೆನ್ನಟ್ಟಿದಷ್ಟೂ ಬೆನ್ನಟ್ಟಿದವರು ಸೋಲುತ್ತಾರೆ. ಮಿಂಚುಳ್ಳಿ ಅವನನ್ನು ಪುಣೆಯ ಮೇಲೆಲ್ಲ ಅಟ್ಟಾಡಿಸಿ ರೆಕ್ಕೆಯ ಬಲ ಕಳೆದುಕೊಂಡು ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿ ಬೀಳುತ್ತಾಳೆ. ಅಲ್ಲಿ ಪಂದ್ಯ ಮುಗಿಸಿ ಮನೆಗೆ ಹೊರಟ ಶೀತಲ್ ಮತ್ತು ಅವಳ ಗೆಳತಿಯರು ಬಸ್ಸಿಗೆ ಕಾಯುತ್ತಿರುತ್ತಾರೆ. ಒಬ್ಬರೇ ಅವನ ಹಿಂದೆ ಓಡಬಾರದು ಅನ್ನುತ್ತಾಳೆ ಶೀತಲ್. ಅವನು ಹೀರುವುದರೊಳಗೆ ಇನ್ನೊಬ್ಬರು ಏಳಬೇಕು, ಅವರನ್ನು ಹೀರುವುದರೊಳಗೆ ಮತ್ತೊಬ್ಬರು, ಕೊನೆಗೆ ದಣಿವಾರಿಸಿಕೊಂಡ ಮಿಂಚುಳ್ಳಿ.

ನಕ್ಷೆ ತಯಾರಾಯಿತು. ಪ್ರಜ್ವಲ ಕೇಳಿದ: "ಸಾಲಲ್ಲಿ ಕೂತಿರೋ ಹುಡುಗೀರಿಗೆ ಯಾರ ಮುಖ ಹಾಕ್ಲಿ? ಸುಮ್ನೆ ಯಾವ್ದೋ ಹಾಕ್ಲಾ?"

"ಇಲ್ಲಿ ಇರೋ ಹುಡುಗ್ಯಾರ್ದ ಹಾಕ್ರಿ. ಅವ್ರು ಹಿಗ್ತಾರ. ಆದ್ರ ಒಂದು ಮುಖ ನೀಲಿಮಾಂದು ಬೇಕು," ಅಂದಳು ಶೀತಲ್.

ನೀಲಿಮಾ ಎಲ್ಲಿದ್ದಾಳೆ ಅನ್ನುವುದು ಅವಳಿಗೆ ಗೊತ್ತಿತ್ತು. ಭೇಟಿಯಾಗಿ ಬಹಳ ವರ್ಷವಾಗಿತ್ತು. ರಾಜ್ಯ ತಂಡದ ಆಯ್ಕೆಗೆ ಮುಂಚೆ ನೀಲಿಮಾಳ ಮೊಣಕಾಲಿನ ಒಳಗೆ ಏನೋ ಹರಿದಿತ್ತು. ಗಾಯ ಮಾಯಿತು, ಕಾಲು ಮೊದಲಿನಂತೆ ಆಗಲಿಲ್ಲ. ಮದುವೆಯಾಯಿತು. ಒಬ್ಬಳು ಊರೂರು ಪಂದ್ಯಕ್ಕೆ ತಿರುಗುವಳು, ಇನ್ನೊಬ್ಬಳು ಸಂಸಾರ ಹೂಡಿದವಳು. ಜಗಳವಿಲ್ಲ, ಮನಸ್ತಾಪವಿಲ್ಲ, ಹಬ್ಬದ ಮೆಸೇಜು ಕೂಡ ಕ್ರಮೇಣ ನಿಂತುಹೋಗಿತ್ತು.

ಸ್ವಾರಗೇಟಿನ ಹತ್ತಿರ ಖಾಸಗಿ ಬಸ್ಸುಗಳು ನಿಲ್ಲುವ ಗಲ್ಲಿಯಲ್ಲಿ ನೀಲಿಮಾ ಮತ್ತು ಅವಳ ಗಂಡನ ಸೀಟು, ಪಾರ್ಸಲ್ ಬುಕಿಂಗಿನ ಸಣ್ಣ ಆಫೀಸು. ಶೀತಲ್‌ಗೆ ವಿಳಾಸ ಹುಡುಕುವ ಕೆಲಸವೇ ಬೀಳಲಿಲ್ಲ. ಗಲ್ಲಿಯ ಬಾಯಿಗೇ ಕೇಳಿಸಿತು: "ಸಾತಾರಾ, ಕರಾಡ್, ನಿಪ್ಪಾಣಿ, ಬೆಳಗಾವೀ! ಹಿಂದಿನ ಸೀಟು ಖಾಲಿ, ಬೇಗ ಬೇಗ!" ಮೈದಾನದ ಆ ತುದಿಯಿಂದ ಈ ತುದಿಗೆ ಮುಟ್ಟುತ್ತಿದ್ದ ಅದೇ ಗಂಟಲು.

ನೀಲಿಮಾ ಕನ್ನಡಕ ಮೇಲೇರಿಸಿ ನೋಡಿದಳು. ಆಮೇಲೆ ಅವಳು ಪಾರ್ಸಲ್ ಮೂಟೆಗಳ ಮೇಲಿಂದಲೇ ದಾಟಿ ಬಂದು ಶೀತಲ್‌ಳ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

"ಟೀವಿಯಾಗ ನೋಡಿ ಕಿರಚೀನಿ ನೋಡು ನಾ, ನಮ್ಮ ಯಜಮಾನ್ರು ಹೆದರಿ ಚಹಾ ಚೆಲ್ಲಿಕೊಂಡ್ರು!"

"ಮತ್ತ ಒಂದು ಫೋನ್ ಮಾಡಬಾರ್ದೇನ?"

"ನೀ ಈಗ ಭಾಳ ದೊಡ್ಡಾಕಿ ಆಗೀ. ನಂಬರ್ ಬದಲಾಗಿರ್ತದ ಅಂದ್ಕೊಂಡೆ." ಅಂದು, ದನಿ ಇಳಿಸಿ, "ನಿನಗ ಎಲ್ಲಾರೂ ಫೋನ್ ಮಾಡ್ತಿದ್ರಲ್ಲ, ಅದಕ್ಕ."

ಚಹಾ ಬಂತು. ಶೀತಲ್ ಬಂದ ಕಾರಣ ಹೇಳಿದಳು. ಕಾಮಿಕ್ಸು, ಮಿಂಚುಳ್ಳಿ, ಸಾಲು, ಮುಖ. ಆಮೇಲೆ ಆ ಪಂದ್ಯದ ಮಾತು ತೆಗೆದಳು. ಕಂಬದ ಹತ್ತಿರ ನೀನು ನನ್ನ ಬೆನ್ನು ಮುಟ್ಟಿದೆಯಲ್ಲ, ಮೊದಲನೇ ಸಲ, ಅವತ್ತು.

ನೀಲಿಮಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ನಿನಗ ಮೊದ್ಲ ಖೋ ಕೊಟ್ಟಾಕಿ ನಾನೇನ? ನನಗ ನೆನಪ ಇಲ್ಲ ನೋಡು."

"ಖರೇನ?"

"ಖರೆ. ಯಾರು ಹತ್ರ ಇರ್ತಾರ ಅವ್ರಿಗೆ ಕೊಡೋದಲ್ಲ? ನೀ ಹತ್ರ ಇದ್ದಿ, ಕೊಟ್ಟಿರ್ತೀನಿ."

ಶೀತಲ್ ಲೋಟ ಕೆಳಗಿಟ್ಟಳು. ಇಷ್ಟು ವರ್ಷ ಎದೆಯೊಳಗೆ ದೀಪದ ಹಾಗೆ ಇಟ್ಟುಕೊಂಡಿದ್ದ ಆ ಕ್ಷಣ ಅದನ್ನು ಕೊಟ್ಟವಳಿಗೆ ನೆನಪೇ ಇರಲಿಲ್ಲ. ಮೊದಲು ಒಳಗೆ ಏನೋ ಜರಿದಂತಾಯಿತು. ಆಮೇಲೆ ನಗು ಬಂತು, ತಡೆಯಲಾರದಷ್ಟು. ಉಳಿದವರೆಲ್ಲ ಲೆಕ್ಕ ಹಾಕಿ ಕೈ ಹಿಂದೆಗೆದುಕೊಳ್ಳುತ್ತಿದ್ದಾಗ ಇವಳು ಲೆಕ್ಕವನ್ನೇ ಹಾಕಿರಲಿಲ್ಲ. ಹತ್ತಿರ ಇದ್ದಳು, ಕೊಟ್ಟಳು. ಅದಕ್ಕಿಂತ ದೊಡ್ಡ ಕೈ ಯಾವುದಿದೆ ಅಂತ ಶೀತಲ್‌ಗೆ ಅನ್ನಿಸಿತು.

"ಯಾಕ ನಗ್ತಿ?"

"ಏನಿಲ್ಲ. ನಿನ್ನ ಮುಖ ಹಾಕಾಕ ಹೂಂ ಅಂತಿಯೋ ಇಲ್ಲೋ?"

"ಅಂತೀನಿ. ಆದ್ರ ಈಗಿದ್ದಂಗ ತಗೀಬೇಕು. ಕನ್ನಡಕ, ಕೊಳ್ಳಾಗಿನ ಮಂಗಳಸೂತ್ರ, ಈ ಹೊಟ್ಟಿ, ಎಲ್ಲಾ. ಹುಡುಗಿ ಆಗಿದ್ದಾಗಿನ ನೀಲಿಮಾನ್ನ ಈ ಗಲ್ಲಿಯಾಗ ಯಾರೂ ನೋಡಿಲ್ಲ. ಅದನ್ನ ತಗದ್ರ ಇದು ನೀ ಅಲ್ಲ ಅಂತಾರ."

ಪುಸ್ತಕ ತಯಾರಾಗುವಾಗ ತೊಂದರೆ ಇಲ್ಲದೆ ಇರಲಿಲ್ಲ. ಸ್ಟುಡಿಯೋದ ಮಾಲೀಕರಿಗೆ ಕಥೆ ಹಿಡಿಸಲಿಲ್ಲ. ಸಾಲು ಸಾಲು ಪುಟ ಮಿಂಚುಳ್ಳಿ ಸುಮ್ಮನೆ ನೆಲದ ಮೇಲೆ ಕೂತಿರುವುದೇ? ಹಾರುವವಳನ್ನು ಕೂರಿಸಿದರೆ ಮಕ್ಕಳು ಪುಸ್ತಕ ಒಗೆಯುತ್ತಾರೆ, ಅಂದರು ಅವರು. ಮಂಜರಿ ಜಗ್ಗಲಿಲ್ಲ. "ಎಲ್ಲಾ ಮಕ್ಕಳೂ ಒಂದಿಲ್ಲೊಂದು ಸಾಲಿನಾಗ ಹಿಂಗ ಕೂತಿರ್ತಾವ. ಅವ್ರಿಗೆ ತಿಳೀತದ," ಅಂದಳು. ಮಾಲೀಕರು ಗೊಣಗಿದರು, ಆದರೆ ಬಿಟ್ಟರು.

ಸಂಚಿಕೆ ಬಂದ ದಿನ ಶೀತಲ್ ಕೌಂಟರಿನ ಕೆಲಸ ಮುಗಿಸಿ ಸ್ಟೇಷನ್ನಿನ ಸ್ಟಾಲಿನಲ್ಲಿ ತಾನೇ ಒಂದು ಕೊಂಡಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ತೆರೆದಳು. ಪ್ರಜ್ವಲ ಹಿಡಿ ಸೊಂಟವನ್ನು ಬಿಟ್ಟಿದ್ದ. ಅವಳ ಭುಜ ಅವಳ ಭುಜದಂತಿತ್ತು, ಜಡೆ ಬಿಗಿಯಾಗಿತ್ತು, ಗದ್ದದ ಮೇಲಿನ ಹಳೆಯ ಗಾಯದ ಗೆರೆ ಇತ್ತು. ಅವಳು ತಪ್ಪಿಸಿಕೊಳ್ಳುವುದನ್ನು ಬಿಡಿಸಲಾಗದೆ ಒದ್ದಾಡಿದವನು ಕೊನೆಗೊಂದು ಉಪಾಯ ಕಂಡುಕೊಂಡಿದ್ದ. ಆ ಚೌಕಟ್ಟುಗಳಲ್ಲಿ ಅವಳನ್ನು ಬಿಡಿಸಿರಲೇ ಇಲ್ಲ. ಅವಳ ಮೇಲೆ ತಿರುಗಿಬಿದ್ದ ಮಬ್ಬನ ಉಗುರುಗಳು ಗಾಳಿಯನ್ನು ಹಿಡಿಯುತ್ತಿದ್ದವು, ಕೆಳಗೆ ಎದ್ದ ಧೂಳಿತ್ತು. ಮುಂದಿನ ಚೌಕಟ್ಟಿನಲ್ಲಿ ಅವಳು ಬೇರೆಲ್ಲೋ ನಿಂತು ಹುಬ್ಬು ಹಾರಿಸುತ್ತಿದ್ದಳು. ಶೀತಲ್ ಬೆಂಚಿನ ಮೇಲೆ ಒಬ್ಬಳೇ "ಭಲೇ!" ಅಂದಳು.

ಆಮೇಲೆ ಆ ಪುಟ ಬಂತು. ಸಾಲಿನ ಕೊನೆಯ ಚೌಕದಲ್ಲಿ ಮಿಂಚುಳ್ಳಿ. ನೀಲಿ ರೆಕ್ಕೆಗಳು ಮಡಚಿ ನೆಲಕ್ಕೆ ತಾಗಿವೆ. ಅವಳ ಮುಂದೆ ಆಟ ನಡೆದಿದೆ. ಕನ್ನಡಕದ ನೀಲಿಮಾ ಓಡುತ್ತಾಳೆ, ಧನಕವಡಿಯ ಹುಡುಗಿಯರು ಓಡುತ್ತಾರೆ. ಆಕಾಶದಿಂದ ಇಳಿಯುವವಳ ಮುಖದಲ್ಲಿ, ನನ್ನ ಸರದಿ ಬಂದೀತೇ ಅನ್ನುವ ಅಂಜಿಕೆ. ಇಡೀ ಪುಟದಲ್ಲಿ ಒಂದೂ ಮಾತಿಲ್ಲ. ಪುಟ ತಿರುಗಿಸಿದರೆ ಅವಳ ಬೆನ್ನ ಮೇಲೆ ಶೀತಲ್‌ಳ ಕೈ, ಎರಡೂ ಪುಟದ ಉದ್ದಕ್ಕೆ ದೊಡ್ಡ ಅಕ್ಷರದಲ್ಲಿ, ಖೋ.

ಲೋಣಾವಳಾ ಲೋಕಲ್ ಬಂದು ನಿಂತಿತು, ಹೋಯಿತು. ಶೀತಲ್ ಬೆಂಚಿನಿಂದ ಏಳಲಿಲ್ಲ.

ಮನೆಯಲ್ಲಿ ಕನ್ನಡದ ಪ್ರತಿಯನ್ನು ಮುರುಗೆಪ್ಪ ಜೋರಾಗಿ ಓದಿದ. ಅಂಗಡಿಯಲ್ಲಿ ಬಟ್ಟೆಯ ಹೆಸರು ಹೇಳುವ ರಾಗದಲ್ಲೇ ಓದಿದ, ಮಬ್ಬನ ನಗುವನ್ನೂ ಬಿಡದೆ. ಭೀಮವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಕೊನೆಯಲ್ಲಿ ಮಂಜರಿ ನಾಲ್ಕು ಸಾಲು ಬರೆದಿದ್ದಳು, ಈ ಕಥೆ ಶೀತಲ್‌ಳ ಶಾಲೆಯ ದಿನಗಳಿಂದ ಬಂದದ್ದು ಅಂತ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಿನಗ ಯಾರೂ ಖೋ ಕೊಡತಿದ್ದಿಲ್ಲ?"

"ಹಳೀ ಮಾತು ಬಿಡ ಯವ್ವಾ."

"ದಿನಾ ಮಣ್ಣು ಮೆತ್ತಿಕೊಂಡು ಬರ್ತಿದ್ದಿ. ನಾ ನೀರು ಕಾಸಿ ಕೊಡತಿದ್ದೆ. ನನಗ ಒಂದ್ ಮಾತು ಹೇಳಬಾರ್ದೇನ?"

"ಹೇಳಿದ್ರ ನೀ ಶಾಲಿಗೆ ಬಂದು ಜಗಳಾ ತಗೀತಿದ್ದಿ."

"ತಗೀತಿದ್ದೆ ಮತ್ತ! ಬಿಡ್ತಿದ್ನೇನ?" ಭೀಮವ್ವ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು, ಕೆನ್ನೆಗೆಲ್ಲ ಜೋಳದ ಹಿಟ್ಟು ಹತ್ತಿತು. ಮುರುಗೆಪ್ಪ ಪುಸ್ತಕದಿಂದ ತಲೆ ಎತ್ತದೆ, "ಜಗಳಾ ತಗದಿದ್ರ ಇಕಿನ್ನ ತಂಡದಿಂದ ತಗೀತಿದ್ರು. ಮಗಳು ಶಾಣ್ಯಾಕಿ," ಅಂದ.

ಆ ಸಂಚಿಕೆಗೆ ಬೈದು ಬರೆದ ಮಕ್ಕಳೂ ಇದ್ದರು. ಮಿಂಚುಳ್ಳಿ ಹಾರಿದ್ದು ಕಮ್ಮಿಯಾಯಿತು, ಮೋಸ, ಅಂತ. ಆದರೂ ಪುಸ್ತಕ ಮತ್ತೆ ಅಚ್ಚಾಯಿತು. ಕ್ಯಾಂಪಿನ ಪುಸ್ತಕದಂಗಡಿಯವರು ಶೀತಲ್‌ಳನ್ನು ಸಹಿ ಹಾಕಲು ಕರೆದಾಗ ಅವಳು ನೀಲಿಮಾಳನ್ನೂ ಎಳೆದುಕೊಂಡು ಹೋದಳು. ಮಕ್ಕಳು ಪುಸ್ತಕ ನೋಡುವರು, ನೀಲಿಮಾಳ ಕನ್ನಡಕ ನೋಡುವರು, ಮತ್ತೆ ಪುಸ್ತಕ ನೋಡುವರು. ಆಮೇಲೆ ಅವಳ ಮುಂದೂ ಸಾಲು ಹಚ್ಚಿದರು. ಪಾರ್ಸಲ್ ರಸೀದಿಯ ಮೇಲೆ ಬಿಟ್ಟರೆ ಬೇರೆಲ್ಲೂ ಸಹಿ ಹಾಕಿ ಗೊತ್ತಿಲ್ಲದ ನೀಲಿಮಾ ಪ್ರತಿಯೊಂದರ ಮೇಲೂ ಪೂರ್ತಿ ಹೆಸರು ಗುಂಡಗೆ ಬರೆದಳು.

ಶೀತಲ್ ಈಗಲೂ ಕೌಂಟರಿನಲ್ಲಿ ಕೂಡುತ್ತಾಳೆ, ಪಂದ್ಯ ಬಂದರೆ ಹೋಗುತ್ತಾಳೆ. ಧನಕವಡಿಯ ಮೈದಾನಕ್ಕೆ ಬರುವ ಹೆಣ್ಣುಮಕ್ಕಳು ಹೆಚ್ಚಾಗಿದ್ದಾರೆ. ಇವಳ ಪಾಳಿ ಇದ್ದ ದಿನ ಕಲಿಸುವವರಿಲ್ಲ ಅನ್ನುವ ತಾಪತ್ರಯ ಬಂದಾಗ ನೀಲಿಮಾ ಬುಕಿಂಗ್ ಆಫೀಸನ್ನು ಗಂಡನಿಗೆ ಒಪ್ಪಿಸಿ ತಾನು ಬರತೊಡಗಿದಳು. ಕಾಲು ಓಡುವುದಿಲ್ಲ, ಕುರ್ಚಿ ಹಾಕಿಕೊಂಡು ಕೂತು ಕೂಗುತ್ತಾಳೆ.

ಮೊನ್ನೆ ಪಾಳಿ ಮುಗಿಸಿ ಶೀತಲ್ ಬಂದಾಗ ಆಟ ನಡೆದಿತ್ತು. ಅವಳು ಚಪ್ಪಲಿ ಬಿಟ್ಟು ನೇರ ಆಟಕ್ಕಿಳಿದಳು. ಹೊಸದಾಗಿ ಸೇರಿದ ಒಬ್ಬ ಕಡ್ಡಿಯಂಥ ಹುಡುಗಿಯ ಬೆನ್ನು ಹತ್ತಿದಳು. ಹುಡುಗಿ ಒಮ್ಮೆ ತಪ್ಪಿಸಿಕೊಂಡಳು. ಮತ್ತೊಮ್ಮೆ ತಪ್ಪಿಸಿಕೊಂಡಳು. ಶೀತಲ್ ಈ ಬಾರಿ ಹಿಮ್ಮಡಿಯನ್ನೇ ನೋಡುತ್ತ ಕೈ ಚಾಚಿದಳು. ಸಿಕ್ಕಿದ್ದು ಬರೀ ಗಾಳಿ. ದಮ್ಮು ಹತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರ ಮಗಳಕಿ?" ಅಂತ ಕೇಳಿದಳು, ಕಣ್ಣು ಆ ಹುಡುಗಿಯ ಮೇಲಿಂದ ತೆಗೆಯದೆ.

"ಕಾತ್ರಜ್ ರೋಡಿನಾಗ ಕಬ್ಬಿನ ಹಾಲಿನ ಗಾಡಿ ಅದಲ್ಲ, ಅವ್ರ ಮಗಳು," ಅಂದಳು ನೀಲಿಮಾ. "ನಿನ್ನೆ ಬಂದಾಳ. ಎಲ್ಲಾರ್ನೂ ಹಿಂಗ ಕುಣಸಾಕ ಹತ್ತಾಳ."

"ನಾಳೆ ಬರ್ತಾಳಂತೇನ?"

"ಬಾ ಅಂದೀನಿ. ಅವ್ರವ್ವಗ ಏನ್ ಹೇಳ್ತಾಳೋ ಗೊತ್ತಿಲ್ಲ."

ಶೀತಲ್ ಚಪ್ಪಲಿ ಹಾಕಿಕೊಂಡಳು. "ಹಂಗಾದ್ರ ನಡಿ," ಅಂದಳು, "ಅವ್ರ ಗಾಡಿ ಮುಚ್ಚೋದ್ರಾಗ ಹೋಗಿ ಮಾತಾಡಿ ಬರೋಣು. ಹಂಗ ಒಂದೊಂದು ಗ್ಲಾಸು ಕಬ್ಬಿನ ಹಾಲೂ ಕುಡ್ಯೋಣು."